ಬ್ಯಾಟರಿಯ ಆಂಪ್, ಫ್ಯೂಸಿನ ಆಂಪ್: ಎರಡಕ್ಕೂ ಒಂದೇ ಮಾತು ಸಾಕೇ?

ಗ್ಯಾರೇಜಿಗೆ ಕೆಲಸ ಕಲಿಯಲು ಬರುವ ಹುಡುಗರಿಗಾಗಿ ಹಳೆ ಬೈಕುಗಳ ವೈರಿಂಗ್ ಬಗ್ಗೆ ಕನ್ನಡದಲ್ಲಿ ನಾಲ್ಕಾರು ಪುಟ ಬರೆಯುತ್ತಿದ್ದೇನೆ. ಕಲಬುರಗಿಯ ಕಪನೂರ ಕಡೆಯ ಗ್ಯಾರೇಜುಗಳಲ್ಲಿ ಕೇಳುವ ಮಾತನ್ನೇ ಆದಷ್ಟು ಬಳಸುವ ಆಸೆ. ಆದರೆ ‘ಆಂಪ್’ ಅನ್ನುವ ಮಾತಿನ ಹತ್ತಿರ ಬರವಣಿಗೆ ನಿಂತಿದೆ.

ಅಂಗಡಿಯಲ್ಲಿ ‘ಐದು ಆಂಪ್ ಬ್ಯಾಟರಿ ಕೊಡ್ರಿ’ ಅನ್ನುತ್ತಾರೆ. ಹಿಂದೆಯೇ ‘ಹತ್ತು ಆಂಪ್ ಫ್ಯೂಸ್ ಕೊಡ್ರಿ’ ಅನ್ನುತ್ತಾರೆ. ಆಗ ಹುಡುಗ ಕೇಳುತ್ತಾನೆ: ‘ಅಣ್ಣಾ, ಬ್ಯಾಟರಿನೇ ಐದು ಅದ, ಫ್ಯೂಸ್ ಹತ್ತು ಯಾಕ್ ಹಾಕ್ಲತ್ತೀರಿ?’ ಪ್ರಶ್ನೆ ಸರಿಯಾಗಿಯೇ ಇದೆ ಅಲ್ವಾ? ತೊಡಕು ಇರುವುದು ನಾವು ಕೊಟ್ಟ ಮಾತಿನಲ್ಲಿ.

ಬ್ಯಾಟರಿ ಮೇಲೆ ಬರೆದಿರುವುದು ಬರೀ ಆಂಪ್ ಅಲ್ಲ, ಎ.ಎಚ್., ಅಂದರೆ ಆಂಪಿಯರ್ ಅವರ್. ಅದು ಕೊಡ ಎಷ್ಟು ನೀರು ಹಿಡಿಸುತ್ತದೆ ಅನ್ನುವ ಲೆಕ್ಕ. ಫ್ಯೂಸಿನ ಆಂಪ್ ಅಂದರೆ ನಲ್ಲಿಯಿಂದ ನೀರು ಎಷ್ಟು ಜೋರಾಗಿ ಬೀಳುತ್ತದೆ ಅನ್ನುವ ಲೆಕ್ಕ. ಬೈಕ್ ಬ್ಯಾಟರಿಗೆ ಸಾಮಾನ್ಯವಾಗಿ ಹತ್ತು ಗಂಟೆಯ ಅಳತೆ. 5 ಎ.ಎಚ್. ಅಂದರೆ ಅರ್ಧ ಆಂಪ್‌ನಂತೆ ಹತ್ತು ಗಂಟೆ. ಆದರೆ ತಂತಿ ಶಾರ್ಟ್ ಆದರೆ ಅದೇ ಪುಟ್ಟ ಬ್ಯಾಟರಿ ಹತ್ತಾರು ಆಂಪ್ ಸುರಿಯುತ್ತದೆ. ತಂತಿ ಕೆಂಪಗಾಗಿ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಫ್ಯೂಸ್ ಇರುವುದು ಆ ತಂತಿಯನ್ನು ಉಳಿಸಲು. ಅದಕ್ಕೇ ಅದು ಬ್ಯಾಟರಿಗೆ ಆದಷ್ಟು ಹತ್ತಿರ ಇರಬೇಕು. ಅದರ ಆಂಪ್ ತಂತಿ ತಾಳುವುದಕ್ಕಿಂತ ಕಡಿಮೆ ಇರಬೇಕು. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೂರಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫ್ಯೂಸಿನ ಲೆಕ್ಕಕ್ಕೆ ವ್ಯಾಟ್ ಸಾಕು. ಹೆಡ್‌ಲೈಟ್ 35, ಹಿಂದಿನ ದೀಪ 5, ಬ್ರೇಕ್ ಲೈಟ್ 21, ಒಂದು ಬದಿಯ ಎರಡು ಇಂಡಿಕೇಟರ್ 20: ಒಟ್ಟು 81 ವ್ಯಾಟ್. 12 ವೋಲ್ಟಿನ ಗಾಡಿಯಲ್ಲಿ ಅದನ್ನು 12ರಿಂದ ಭಾಗಿಸಿದರೆ ಸುಮಾರು 7 ಆಂಪ್, ಜೊತೆಗೆ ಹಾರ್ನ್. 10 ಆಂಪ್ ಫ್ಯೂಸ್ ಹೊಂದುತ್ತದೆ. ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರ ಉರಿಯುವ ಗಾಡಿಯಾದರೆ ಆ 35 ಬಿಡಿ. 6 ವೋಲ್ಟಿನ ಗಾಡಿಯಲ್ಲಿ ಅಷ್ಟೇ ವ್ಯಾಟಿಗೆ ಆಂಪ್ ಎರಡು ಪಟ್ಟು, ಹಾಗಾಗಿ ತಂತಿಯೂ ದಪ್ಪ ಬೇಕು. ಗಾಡಿ 6 ವೋಲ್ಟೋ 12 ವೋಲ್ಟೋ ಗೊತ್ತಾಗದಿದ್ದರೆ ಅದರಲ್ಲಿದ್ದ ಹಳೆ ನೀರಿನ ಬ್ಯಾಟರಿಯ ಮುಚ್ಚಳ ಎಣಿಸಿ. ಮೂರಿದ್ದರೆ 6, ಆರಿದ್ದರೆ 12. ನಮ್ಮ ಕಡೆ ಬಿಸಿಲಿಗೆ ಆ ನೀರು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು.

ಇಷ್ಟೆಲ್ಲಾ ಬರೆಯಬಹುದು. ಆದರೆ ಎ.ಎಚ್.ಗೆ ಹುಡುಗರ ಬಾಯಲ್ಲಿ ನಿಲ್ಲುವ ಮಾತು ಯಾವುದು? ‘ಸಾಮರ್ಥ್ಯ’ ಅಂದರೆ ಬ್ಯಾಟರಿಯ ಶಕ್ತಿ ಜಾಸ್ತಿ ಅಂತ ತಿಳಿಯುತ್ತಾರೆ. ದೊಡ್ಡದನ್ನೇ ತಂದು ತುರುಕುತ್ತಾರೆ. ಹಳೆ ಗಾಡಿಯ ಕಾಯಿಲ್ ಅದನ್ನು ಪೂರ್ತಿ ಚಾರ್ಜ್ ಮಾಡಲಾರದು. ‘ಹಿಡಿತ’ಕ್ಕೆ ಬೇರೆಯೇ ಅರ್ಥವಿದೆ. ‘ಐದು ಎ.ಎಚ್. ಹಿಡಿಸುವ ಬ್ಯಾಟರಿ’ ಅಂತ ಬರೆದರೆ ಹೇಗೆ? ಸದ್ಯಕ್ಕೆ ನನ್ನ ಒಲವು ಇದರ ಕಡೆಗೇ.

ಇನ್ನೊಂದು ಮಾತು ‘ಅರ್ತ್’. ಪಠ್ಯಪುಸ್ತಕದ ‘ಭೂಸಂಪರ್ಕ’ ಮನೆಯ ವೈರಿಂಗಿಗೆ ಸರಿ, ಅಲ್ಲಿ ತಂತಿ ನಿಜವಾಗಿ ನೆಲಕ್ಕೆ ಹೋಗುತ್ತದೆ. ಬೈಕು ನಿಂತಿರುವುದೇ ರಬ್ಬರ್ ಟೈರಿನ ಮೇಲೆ. ಸಾಮಾನ್ಯವಾಗಿ ಬ್ಯಾಟರಿಯ ಮೈನಸ್ ಹೋಗುವುದು ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ. ಆ ಸಂಪರ್ಕ ಕೆಟ್ಟಾಗ ಇಲ್ಲಿನ ಮೆಕ್ಯಾನಿಕ್‌ಗಳು ‘ಬಾಡಿ ಸಿಗವಲ್ದು’ ಅನ್ನುತ್ತಾರೆ. ಪೇಂಟ್ ಕೆರೆದು, ಬೋಲ್ಟ್ ಬಿಗಿದು ನೋಡಬೇಕು ಅನ್ನುವುದು ಆ ಮಾತಿನಿಂದಲೇ ಹೊಳೆಯುತ್ತದೆ. ನಾನು ‘ಬಾಡಿ’ ಅಂತಲೇ ಬರೆಯುತ್ತೇನೆ.

ಬೀದರ್, ಯಾದಗಿರಿ ಕಡೆಯ ಗ್ಯಾರೇಜುಗಳಲ್ಲಿ ಎ.ಎಚ್.ಗೆ ಬೇರೆ ಮಾತು ಇದೆಯೇ? ಕೇಳಿದವರು ದಯವಿಟ್ಟು ತಿಳಿಸಿ. ಯಾವ ಊರಿನದು, ಯಾವ ವಾಕ್ಯದಲ್ಲಿ ಬಂತು ಅನ್ನುವುದನ್ನೂ ಬರೆದರೆ ಒಳ್ಳೆಯದು.