ಸಹಾಯ ಬೇಕು: ಈ ಬ್ಯಾಟಿನ ಸಹಿಗಳು ಅಸಲಿಯೇ?

ಮುಂಬಯಿಯ ಕನ್ನಡ ಬಂಧುಗಳಿಗೆ ನಮಸ್ಕಾರ. ಕಳೆದ ಭಾನುವಾರ ದಾದರಿನಲ್ಲಿ ಹಳೆಯ ಕ್ರೀಡಾ ವಸ್ತುಗಳ ಸಂಗ್ರಾಹಕರು ನಡೆಸಿದ ಪ್ರದರ್ಶನದಲ್ಲಿ ಒಂದು ಬ್ಯಾಟ್ ಕೊಂಡೆ. 1971ರಲ್ಲಿ ಇಂಗ್ಲೆಂಡನ್ನು ಅವರದೇ ನೆಲದಲ್ಲಿ ಮಣಿಸಿದ ಅಜಿತ್ ವಾಡೇಕರ್ ನಾಯಕತ್ವದ ಭಾರತ ಕ್ರಿಕೆಟ್ ತಂಡದ ಸಹಿಗಳೆಂದು ಮಾರಿದವರು ಹೇಳಿದರು. ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತ ನಮ್ಮ ಚಂದ್ರಶೇಖರ್ ಅವರ ಹೆಸರು ಕಂಡೊಡನೆ ಮನಸ್ಸು ತಡೆಯಲಿಲ್ಲ. ರಸೀದಿ ಕೇಳುವುದನ್ನೂ ಮರೆತೆ.

ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಅಚ್ಚಿನ ಚುಕ್ಕಿಗಳಿಲ್ಲ. ಗೆರೆ ತಿರುಗುವಲ್ಲಿ ಶಾಯಿ ದಪ್ಪಗೆ ನಿಂತು, ಮರದ ಎಳೆಯ ಗುಂಟ ಕೊಂಚ ಹರಡಿದೆ. ಕೈಬರಹವೇ ಸರಿ, ಆದರೆ ಯಾರ ಕೈ? ಎಲ್ಲ ಸಹಿಗಳ ಓರೆಯೂ ಒತ್ತೂ ಒಂದೇ ತೆರನಾಗಿವೆ. ಇಬ್ಬರು ಸಂಗ್ರಾಹಕರಿಗೆ ತೋರಿಸಿದೆ; ಒಬ್ಬರು ಅಸಲಿ ಎಂದರು, ಇನ್ನೊಬ್ಬರು ನಕಲಿ ಎಂದರು.

ಆ ಕಾಲದಲ್ಲಿ ಚಂದ್ರಶೇಖರ್ ಅಥವಾ ವಿಶ್ವನಾಥ್ ಅವರಿಂದ ನೇರವಾಗಿ ಪಡೆದ ಸಹಿ ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ? ಹೋಲಿಸಿ ನೋಡಲು ಅದರ ಒಂದು ಫೋಟೊ ಕಳುಹಿಸುವಿರಾ?