ಫುಟ್‌ಪಾತಿನಿಂದ ಬಾಡಿಗೆ ಮನೆಗೆ: ಅಡ್ವಾನ್ಸ್, ಭೋಗ್ಯ, ಆಧಾರ್ ಬಗ್ಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಫ್ಲೈಓವರ್ ಕೆಳಗೆ, ಫುಟ್‌ಪಾತಿನಲ್ಲಿ, ರಾತ್ರಿ ತಂಗುದಾಣಗಳಲ್ಲಿ ಇರುವ ಕುಟುಂಬಗಳಿಗೆ ಬಾಡಿಗೆ ಮನೆ ಮಾಡಿಕೊಡಲು ನಮ್ಮ ಸದಸ್ಯರು ಬೇರೆ ಬೇರೆ ಬಡಾವಣೆಗಳಲ್ಲಿ ಹಣ ಕೂಡಿಸುತ್ತಿದ್ದೀರಿ. ಇದೇ ಕೆಲಸದಲ್ಲಿರುವ ಸಮಾಜ ಕಾರ್ಯಕರ್ತೆ ಸುಮಂಗಲಾ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಕುಟುಂಬದವರ ಫೋಟೊ, ಹೆಸರು, ನಂಬರ್ ಹಾಕಬೇಡಿ.

ಅನಿತಾ, ಪೀಣ್ಯ: ಮೇಡಂ, ತಾಯಿ ಮತ್ತು ಮೂವರು ಮಕ್ಕಳು. ಶೆಡ್ ಒಡೆಸಿದಾಗ ಆಧಾರ್ ಕಾರ್ಡ್ ಎಲ್ಲಾ ಮಣ್ಣುಪಾಲಾಯಿತು. ಹೊಸದಾಗಿ ಮಾಡಿಸಲು ಕೊಟ್ಟರೆ ಎರಡು ಸಲ ರಿಜೆಕ್ಟ್ ಆಗಿದೆ. ಏನು ಮಾಡೋದು?

ಸುಮಂಗಲಾ: ಹೊಸದಾಗಿ ಕೊಡುತ್ತಿರುವುದೇ ತೊಂದರೆ. ಅವರ ಬೆರಳಚ್ಚು ಆಗಲೇ ದಾಖಲಾಗಿದೆ. ಇನ್ನೊಂದು ಸಲ ನೋಂದಾಯಿಸಿದರೆ ಡೂಪ್ಲಿಕೇಟ್ ಅಂತ ವಾಪಸ್ ಬಂದೇ ಬರುತ್ತೆ. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ "ಕಾರ್ಡ್ ಕಳೆದಿದೆ, ಹಳೇ ನಂಬರ್ ಹುಡುಕಿಕೊಡಿ" ಅಂತ ಕೇಳಿ, ಬೆರಳಚ್ಚು ಕೊಟ್ಟು ತೆಗೆಸಿ. ಅಲ್ಲೇ ಈಗಿನ ಮೊಬೈಲ್ ನಂಬರ್ ಸೇರಿಸಿ. ಇಲ್ಲದಿದ್ದರೆ ಮುಂದೆ ಬ್ಯಾಂಕಿಗೂ ರೇಷನ್ನಿಗೂ ಒಟಿಪಿ ಬರಲ್ಲ.

ವಿಳಾಸ ಬದಲಿಸಲು ಆಧಾರ್ ಪ್ರಾಧಿಕಾರದ ನಮೂನೆಯಲ್ಲೇ ದೃಢೀಕರಣ ಬೇಕು. ಶಾಸಕರು, ತಹಶೀಲ್ದಾರ್, ಗೆಜೆಟೆಡ್ ಅಧಿಕಾರಿ ಕೊಡಬಹುದು. ಮಾನ್ಯತೆ ಇರುವ ಆಶ್ರಯ ಗೃಹದಲ್ಲಿದ್ದರೆ ಅದರ ಮೇಲ್ವಿಚಾರಕರೂ ಕೊಡಬಹುದು. ಲೆಟರ್‌ಹೆಡ್ ಮೇಲೆ ಬರೆಸಿಕೊಂಡು ಬರಬೇಡಿ, ನಡೆಯಲ್ಲ. ಸಹಿ, ಸೀಲು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿರಬೇಕು. ಬರೆಸಿದ ದಿನದಿಂದ ಮೂರು ತಿಂಗಳೊಳಗೆ ಕೊಟ್ಟುಬಿಡಿ.

ಲೋಕೇಶ್, ಯಶವಂತಪುರ: ಆಧಾರ್ ಇಲ್ಲದೆ ಬಾಡಿಗೆ ಕರಾರು ಮಾಡಿಕೊಳ್ಳಬಹುದಾ ಮೇಡಂ?

ಸುಮಂಗಲಾ: ಮಾಡಿಕೊಳ್ಳಬಹುದು. ವೋಟರ್ ಐಡಿ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಯಾವುದಾದರೂ ಆಗುತ್ತೆ.

ಫಾತಿಮಾ, ಶಿವಾಜಿನಗರ: ಗಂಡ ಬಿಟ್ಟುಹೋದ ಹೆಣ್ಣುಮಗಳು. ರೇಷನ್ ಕಾರ್ಡ್ ಅತ್ತೆಯ ಹೆಸರಲ್ಲಿ ಊರಲ್ಲಿದೆ. ಬೇರೆ ಕಾರ್ಡ್ ಮಾಡಿಸಿದರೆ ಗೃಹಲಕ್ಷ್ಮಿ ಇವಳಿಗೆ ಬರುತ್ತಾ?

ರವಿಕುಮಾರ್, ಜೆ.ಪಿ. ನಗರ: ಮೇಡಂ, ನಮ್ಮ ಅಪಾರ್ಟ್‌ಮೆಂಟಿನವರು ಸೇರಿ 3 ಲಕ್ಷ ಕೂಡಿಸಿದ್ದೇವೆ. ರಾಯಚೂರು ಕಡೆಯಿಂದ ಗುಳೆ ಬಂದ ಕುಟುಂಬ: ಗಂಡ, ಹೆಂಡತಿ, ಇಬ್ಬರು ಮಕ್ಕಳು. ಎರಡು ವರ್ಷಕ್ಕೆ ಭೋಗ್ಯಕ್ಕೆ ಒಂದು ಮನೆ ಸಿಕ್ಕಿದೆ. ತಿಂಗಳ ಬಾಡಿಗೆಯ ಕಾಟವೇ ಇಲ್ಲವಲ್ಲ ಅಂತ ಒಪ್ಪಿದ್ದೇವೆ. ಬ್ರೋಕರ್ ನೋಟರಿ ಅಗ್ರಿಮೆಂಟ್ ಕೊಡುತ್ತಾನೆ. ಶುಕ್ರವಾರ ದುಡ್ಡು ಕೊಡಬೇಕು. ಕರಾರಿನಲ್ಲಿ ಏನೇನು ಬರೆಸಬೇಕು ಹೇಳಿ.

ಸುಮಂಗಲಾ: ರವಿಕುಮಾರ್ ಅವರೇ, ಶುಕ್ರವಾರ ದುಡ್ಡು ಕೊಡಬೇಡಿ. ಕರಾರಿನ ಮಾತು ಆಮೇಲೆ.

ಮನೆ ಬಿಟ್ಟುಕೊಟ್ಟು, ಬಡ್ಡಿಗೆ ಬದಲಾಗಿ ವಾಸದ ಹಕ್ಕು ಕೊಡುವ ಭೋಗ್ಯ ಕಾನೂನಿನ ಕಣ್ಣಲ್ಲಿ ಅಡಮಾನ. ಅದನ್ನು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬರೀ ಲೀಸ್ ಅಂತ ಕರೆದರೂ ಎರಡು ವರ್ಷದ್ದಾದರೆ ನೋಂದಣಿ ಕಡ್ಡಾಯ. ನೋಟರಿ ಸೀಲು ಇವೆರಡಕ್ಕೂ ಬದಲಿಯಲ್ಲ. ನೋಟರಿ ಕಾಗದ ಹಿಡಿದುಕೊಂಡ ಕುಟುಂಬಕ್ಕೆ ಆ ಮನೆಯ ಮೇಲೆ ಗಟ್ಟಿಯಾದ ಹಕ್ಕು ಏನೂ ಇರಲ್ಲ.

ಇದು ಎಡವುವುದು ಎರಡು ಕಡೆ. ಒಂದು, ಮಾಲೀಕ ಆಗಲೇ ಬ್ಯಾಂಕ್ ಸಾಲ ತೆಗೆದಿರುತ್ತಾನೆ. ಕಂತು ನಿಂತರೆ ಬ್ಯಾಂಕ್, ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಕೊಡುತ್ತೆ, ಆಮೇಲೆ ಮನೆ ಸ್ವಾಧೀನಕ್ಕೆ ಬರುತ್ತೆ. ಆ ನೋಟಿಸ್ ಹೋಗುವುದು ಸಾಲಗಾರನಿಗೆ. ಒಳಗಿರುವವರಿಗೆ ಗೊತ್ತಾಗುವುದು ಬಾಗಿಲಿಗೆ ಚೀಟಿ ಅಂಟಿಸಿದಾಗ. ಇನ್ನೊಂದು, ಮಧ್ಯವರ್ತಿ ಮಾಲೀಕನಿಂದ ಮನೆಯನ್ನು ತಿಂಗಳ ಬಾಡಿಗೆಗೆ ತೆಗೆದುಕೊಂಡು, ನಿಮ್ಮಿಂದ ಭೋಗ್ಯದ ಇಡಿಗಂಟು ಇಸಿದುಕೊಳ್ಳುತ್ತಾನೆ. ನಾಲ್ಕಾರು ತಿಂಗಳು ಮಾಲೀಕನಿಗೆ ಬಾಡಿಗೆ ಕಟ್ಟಿ ಮಾಯವಾಗುತ್ತಾನೆ. ಮಾಲೀಕ ಬಂದು "ನೀವ್ಯಾರು?" ಅಂತಾನೆ. ನೀವು ಹೇಳಿದ ಬ್ರೋಕರ್ ಇಂಥವನು ಅಂತ ನಾನು ಹೇಳುತ್ತಿಲ್ಲ. ಆದರೆ ನೀವು ಮಾಲೀಕನ ಹೆಸರನ್ನೇ ಎತ್ತಲಿಲ್ಲ, ಬ್ರೋಕರ್ ಹೆಸರಲ್ಲೇ ಮಾತಾಡುತ್ತಿದ್ದೀರಿ. ನನಗೆ ಭಯ ಹುಟ್ಟಿಸಿದ್ದು ಅದು.

ನೋಡಬೇಕಾದ್ದು: ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ. ಅದರಲ್ಲಿ "ಸಾಲ ಇಲ್ಲ" ಅಂತ ಬಂದರೂ ನಂಬಿ ಕೂರಬೇಡಿ. ಕ್ರಯಪತ್ರವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಪಡೆದ ಸಾಲ, ಅದರ ಕಾಗದ ನೋಂದಣಿಯಾಗದೆ ಇದ್ದರೆ ಋಣಭಾರ ಪತ್ರದಲ್ಲಿ ಕಾಣಲ್ಲ. ಹಾಗಾಗಿ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು. ಜೆರಾಕ್ಸ್ ತೋರಿಸಿ "ಮೂಲ ಲಾಕರ್‌ನಲ್ಲಿದೆ" ಅಂದರೆ ಬ್ಯಾಂಕಿನ ಲಾಕರ್ ಅಂತಲೇ ತಿಳಿಯಿರಿ. ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಆ ಆಸ್ತಿಯ ಮೇಲೆ ಬ್ಯಾಂಕುಗಳು ದಾಖಲಿಸಿದ ಅಡಮಾನ ಸಿಗುತ್ತೆ. ಅದನ್ನೂ ತೆಗೆಸಿ. ಮನೆಯ ಆಸ್ತಿ ಖಾತೆಯಲ್ಲಿರುವ ಹೆಸರು, ಕ್ರಯಪತ್ರದ ಹೆಸರು, ದುಡ್ಡು ಹೋಗುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಇರಬೇಕು.

ಇಷ್ಟೆಲ್ಲ ಸರಿಯಿದ್ದರೂ, ಒಂದೇ ಮನೆಗೆ 3 ಲಕ್ಷ ಹೂಡಬೇಡಿ ಅಂತಲೇ ನನ್ನ ಮಾತು. ಲೆಕ್ಕ ನೋಡಿ. 6,500 ಬಾಡಿಗೆಯ ಮನೆ. ಅಡ್ವಾನ್ಸ್ 40,000. ಮೊದಲ ಎರಡು ತಿಂಗಳು ಪೂರ್ತಿ ಬಾಡಿಗೆ ನೀವು ಕೊಡಿ, 13,000. ಮುಂದಿನ ಎರಡು ತಿಂಗಳು ಅರ್ಧ, 6,500. ಅದರ ಮುಂದಿನ ಎರಡು ತಿಂಗಳು ಕಾಲು ಭಾಗ, 3,250. ಪಾತ್ರೆ, ಒಲೆ, ಚಾಪೆ, ನೀರಿನ ಡ್ರಮ್ಮಿಗೆ 12,000. ಎರಡು ತಿಂಗಳ ಬಾಡಿಗೆಯಷ್ಟು, 13,000, ಮುಟ್ಟದೆ ಎತ್ತಿಡಿ. ಒಟ್ಟು 87,750. ಇದೇ ದುಡ್ಡಲ್ಲಿ ಮೂರು ಕುಟುಂಬಕ್ಕೆ ಮನೆಯಾಗಿ ಇನ್ನೂ ಉಳಿಯುತ್ತೆ. ಎತ್ತಿಟ್ಟ ಆ 13,000 ಎಲ್ಲಕ್ಕಿಂತ ಮುಖ್ಯ. ಮನೆ ಕೈತಪ್ಪುವುದು ಸಾಮಾನ್ಯವಾಗಿ ಮೂರನೇ, ನಾಲ್ಕನೇ ತಿಂಗಳಲ್ಲಿ. ಗಾರೆ ಕೆಲಸದವನು ಮಳೆಗೆ ಹತ್ತು ದಿನ ಕೂತ, ಮಗುವಿಗೆ ಜ್ವರ ಬಂತು, ಬಾಡಿಗೆ ತಪ್ಪಿತು. ಅಷ್ಟು ಹೊತ್ತಿಗೆ ಸಹಾಯ ಮಾಡಿದವರೆಲ್ಲ ಫೋಟೊ ತೆಗೆದುಕೊಂಡು ಹೋಗಿಯಾಗಿರುತ್ತೆ.

ಶಶಿಕಲಾ, ಕೆಂಗೇರಿ: ಅಡ್ವಾನ್ಸ್ ಯಾರ ಹೆಸರಲ್ಲಿ ಕೊಡಬೇಕು ಮೇಡಂ? ನಮ್ಮ ಟ್ರಸ್ಟ್ ಹೆಸರಲ್ಲಾ, ಅವರ ಹೆಸರಲ್ಲಾ?

ಸುಮಂಗಲಾ: ಕರಾರು ಆ ಹೆಣ್ಣುಮಗಳ ಹೆಸರಲ್ಲಿ. ದುಡ್ಡು ನಿಮ್ಮ ಖಾತೆಯಿಂದ ಮಾಲೀಕರ ಖಾತೆಗೆ, ನಗದು ಬೇಡ. ಮನೆ ಬಿಡುವಾಗ ಅಡ್ವಾನ್ಸ್ ಬಾಡಿಗೆದಾರಳಿಗೆ ವಾಪಸ್ ಅಂತ ಬರೆಸಿ, ಟ್ರಸ್ಟಿಗೆ ಅಂತ ಬೇಡ. ಟ್ರಸ್ಟಿಗೆ ಅಂತ ಬರೆದರೆ ಮುಂದಿನ ಮನೆಗೆ ಅವಳ ಕೈಯಲ್ಲಿ ಬಿಡಿಗಾಸಿರಲ್ಲ, ಮತ್ತೆ ಫುಟ್‌ಪಾತೇ ಗತಿ. ಪೇಂಟಿಂಗ್‌ಗೆ ಅಂತ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನೂ ಈಗಲೇ ಅಂಕಿಯಲ್ಲಿ ಬರೆಸಿ. ಒಳಗೆ ಹೋಗುವ ದಿನವೇ ಕರೆಂಟ್ ಮೀಟರಿನ ರೀಡಿಂಗ್, ಬಚ್ಚಲ ನಲ್ಲಿ, ಗೋಡೆಯ ತೇವ ಫೋಟೊ ತೆಗೆದು ಮಾಲೀಕರ ವಾಟ್ಸಾಪಿಗೆ ಕಳಿಸಿ. ಹಿಂದಿನವರು ಗೃಹಜ್ಯೋತಿಗೆ ಜೋಡಿಸಿದ ಆಧಾರ್ ತೆಗೆಸದಿದ್ದರೆ ಹೊಸಬರಿಗೆ ಸಿಗಲ್ಲ, ಅದನ್ನೂ ಕೇಳಿ.

ಲೋಕೇಶ್, ಯಶವಂತಪುರ: ಗುರುತಿನ ಚೀಟಿ ಏನೂ ಇಲ್ಲದವರಿಗೆ ಕರಾರು?

ಸುಮಂಗಲಾ: ಅನಿತಾ ಅವರಿಗೆ ಕೊಟ್ಟ ಉತ್ತರ ಓದಿ.

ಗಿರೀಶ್, ವಿಜಯನಗರ: ಎಲ್ಲರೂ ಓದಿ, ಶೇರ್ ಮಾಡಿ 👇 *12 ವರ್ಷ ಒಂದೇ ಮನೆಯಲ್ಲಿ ಬಾಡಿಗೆಗಿದ್ದರೆ ಆ ಮನೆ ನಿಮ್ಮದೇ! ಸುಪ್ರೀಂ ಕೋರ್ಟ್ ತೀರ್ಪು. ಬಡವರಿಗೆ ತಿಳಿಸಿ.*

ಸುಮಂಗಲಾ: ಸುಳ್ಳು. 12 ವರ್ಷದ ಮಾತು ಮಾಲೀಕನ ಹಕ್ಕನ್ನೇ ಒಪ್ಪದೆ, ಎಲ್ಲರಿಗೂ ಗೊತ್ತಾಗುವಂತೆ ಸ್ವಾಧೀನದಲ್ಲಿ ಕೂತವರಿಗೆ. ಸರ್ಕಾರಿ ಜಾಗಕ್ಕಾದರೆ 30 ವರ್ಷ. ಬಾಡಿಗೆದಾರ ಮಾಲೀಕನ ಒಪ್ಪಿಗೆಯಿಂದ ಇರುವವನು, ಎಷ್ಟು ವರ್ಷವಿದ್ದರೂ ಬಾಡಿಗೆದಾರನೇ. ಇಂಥ ಮೆಸೇಜ್ ಓದಿದ ಮಾಲೀಕರು ಬಡವರಿಗೆ ಮನೆ ಕೊಡಲು ಹಿಂದೇಟು ಹಾಕುತ್ತಾರೆ. ದಯವಿಟ್ಟು ಅಳಿಸಿ.

ಗಿರೀಶ್, ವಿಜಯನಗರ: ನನಗೆ ಬಂದಿದ್ದನ್ನು ಕಳಿಸಿದೆ ಅಷ್ಟೇ. ಒಂದು ಮಾತು ಹೇಳ್ತೀನಿ. ಇವರಿಗೆ ಮನೆ ಕೊಟ್ಟರೂ ನಿಲ್ಲಲ್ಲ. ಒಲೆ, ಪಾತ್ರೆ ಮಾರಿ ವಾಪಸ್ ಫುಟ್‌ಪಾತಿಗೇ ಬರ್ತಾರೆ. ಅಭ್ಯಾಸ ಆಗಿಬಿಟ್ಟಿದೆ.

ಬಸವರಾಜ, ಕಲಬುರಗಿ: ಅಭ್ಯಾಸ ಅಂದ್ರ ಏನ್ರೀ? ಮಳ್ಯಾಗ ಮಕ್ಕಳನ್ನ ತೊಡಿಮ್ಯಾಲ ಹಾಕ್ಕೊಂಡು ಕೂಡೂದು ಯಾರಿಗೆ ಅಭ್ಯಾಸ ಆಗತೈತಿ? ನಮ್ಮ ಕಡಿ ಮಂದಿನೇ ನಿಮ್ಮ ಊರಾಗ ಕಟ್ಟಡ ಕಟ್ಟೂದು.

ಗಿರೀಶ್, ವಿಜಯನಗರ: ಸರ್, ಊರು ಗೀರು ಅಂತ ತರಬೇಡಿ. ಇದ್ದದ್ದು ಹೇಳಿದೆ.

ಅನಿತಾ, ಪೀಣ್ಯ: ಎಷ್ಟು ಕುಟುಂಬ ನೋಡಿದ್ದೀರಿ ಗಿರೀಶ್ ಅವರೇ, ಇದ್ದದ್ದು ಹೇಳೋಕೆ?

ನಿರ್ವಾಹಕರು: ವಿಷಯಕ್ಕೆ ಬನ್ನಿ.

ಸುಮಂಗಲಾ: ಇದು ವಿಷಯವೇ, ಉತ್ತರ ಹೇಳುತ್ತೇನೆ. ವಾಪಸ್ ಬರುವವರಿದ್ದಾರೆ. ಕಾರಣ ಅಭ್ಯಾಸ ಅಲ್ಲ, ದೂರ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವಳಿಗೆ ಹೂ ಸಿಗುವುದು ನಸುಕಿನಲ್ಲಿ, ಬಸ್ಸು ಹೊರಡುವ ಮೊದಲು. ಅವಳನ್ನು ಊರಾಚೆ ಕಡಿಮೆ ಬಾಡಿಗೆ ಅಂತ ಕೂರಿಸಿದರೆ ಆಟೋಗೆ ಕೊಟ್ಟು ಮಿಕ್ಕಿದ್ದರಲ್ಲಿ ಬಾಡಿಗೆ ಹುಟ್ಟಲ್ಲ. ಚಿಂದಿ ಆಯುವವರದು ಇನ್ನೂ ಕಷ್ಟ. ಅವರಿಗೆ ಮಲಗಲು ಒಂದು ರೂಮು ಸಾಕು, ಆದರೆ ಆಯ್ದದ್ದನ್ನು ವಿಂಗಡಿಸಲು ಜಾಗ ಬೇಕು. ರೂಮಿನ ಮುಂದೆ ಚೀಲ ಕಂಡ ದಿನ ಮಾಲೀಕ ಖಾಲಿ ಮಾಡಿಸುತ್ತಾನೆ. ಹಾಗಾಗಿ ಮನೆ ನೋಡುವ ಮೊದಲು ಅದೇ ವಾರ್ಡಿನ ಒಣಕಸ ಸಂಗ್ರಹ ಕೇಂದ್ರದಲ್ಲಿ ವಿಂಗಡಿಸಲು ಬಿಡುತ್ತಾರಾ ಕೇಳಿ. ಬಿಟ್ಟರೆ ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಮನೆ ಹುಡುಕಿ. ಸಾವಿರ ರೂಪಾಯಿ ಬಾಡಿಗೆ ಹೆಚ್ಚಾದರೂ ಅದೇ ವಾಸಿ.

ಶಶಿಕಲಾ, ಕೆಂಗೇರಿ: ಇನ್ನೊಂದು ಕೇಳ್ತೀನಿ, ಕ್ಷಮಿಸಿ. ನಾವು ಸೇರಿಸಿದ ಮನೆ ಹತ್ತಡಿ ಹತ್ತಡಿ. ಅಜ್ಜಿಗೆ ಒಂದು ತಿಂಗಳಿಂದ ಕೆಮ್ಮು, ಸಂಜೆ ಜ್ವರ. ಮನೆಯಲ್ಲಿ ಎರಡು ವರ್ಷದ ಮಗು ಇದೆ.

ಗಿರೀಶ್, ವಿಜಯನಗರ: ಅಮೃತಬಳ್ಳಿ, ಶುಂಠಿ, ಮೆಣಸಿನ ಕಷಾಯ 21 ದಿನ. ಒಂದು ವಿಡಿಯೊ ಕಳಿಸ್ತೀನಿ, ಎಷ್ಟೋ ಜನಕ್ಕೆ ಗುಣ ಆಗಿದೆ.

ಸುಮಂಗಲಾ: ಕಳಿಸಬೇಡಿ. ಶಶಿಕಲಾ ಅವರೇ, ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಅಲ್ಲ, ಕಫ ಪರೀಕ್ಷೆ. ನಾಳೆ ಬೆಳಿಗ್ಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಪರೀಕ್ಷೆ ಉಚಿತ. ಕ್ಷಯ ಅಂತ ಬಂದರೆ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತೆ. ಖಾತೆ ಇಲ್ಲದಿದ್ದರೆ ಫೋಟೊ ಮತ್ತು ಹೆಬ್ಬೆಟ್ಟಿನ ಮೇಲೆ ಸಣ್ಣ ಖಾತೆ ತೆರೆಯಬಹುದು, ಅದಕ್ಕೆ ಬೇರೆ ದಾಖಲೆ ಕೇಳುವಂತಿಲ್ಲ. ಮಗುವನ್ನೂ ಜೊತೆಗೇ ತೋರಿಸಿ. ರೋಗದ ಹೆಸರು ಮಾಲೀಕರ ಕಿವಿಗೆ ಬೀಳದಿರಲಿ. ಇಪ್ಪತ್ತೊಂದು ದಿನ ಕಷಾಯ ಕುಡಿಸುತ್ತಾ ಕೂತರೆ ಅದೇ ಗಾಳಿಯನ್ನು ಆ ಮಗು ಇಪ್ಪತ್ತೊಂದು ದಿನ ಉಸಿರಾಡುತ್ತೆ.

ಇನ್ನೊಂದು. ಆ ಮನೆಯಲ್ಲಿ ಇದ್ದಿಲು ಒಲೆ ಇದ್ದರೆ ಹೊರಗಿಡಿಸಿ. ಬಯಲಲ್ಲಿ ಅಡುಗೆ ಮಾಡಿ ರೂಢಿಯಿದ್ದವರು ಚಳಿಗೆ ಕಿಟಕಿ ಮುಚ್ಚಿ ಕೆಂಡ ಒಳಗಿಟ್ಟು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ವಾಸನೆಯಿಲ್ಲ, ಎಚ್ಚರವಾಗಲ್ಲ. 5 ಕೆಜಿಯ ಸಣ್ಣ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿಗೇ ಸಿಗುತ್ತೆ. ವಲಸೆ ಕುಟುಂಬಕ್ಕೆ ಉಜ್ವಲ ಸಂಪರ್ಕಕ್ಕೆ ವಿಳಾಸದ ಸ್ವಯಂ ಘೋಷಣೆ ಸಾಕು.

ಗಿರೀಶ್, ವಿಜಯನಗರ: ಆಯುರ್ವೇದ ಅಂದರೆ ಕೆಲವರಿಗೆ ಅಲರ್ಜಿ.

ಸುಮಂಗಲಾ: ಪರೀಕ್ಷೆ ಮಾಡಿಸದೆ ಕುಡಿಸುವ ಯಾವುದಕ್ಕೂ ನನ್ನ ವಿರೋಧವಿದೆ.

ಮಹೇಶ್, ನಾಗರಭಾವಿ: ಪಾಲಿಕೆಗೆ ಫೋನ್ ಮಾಡಿದರೆ ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕರೆದುಕೊಂಡು ಹೋಗ್ತಾರಲ್ಲ, ಅಷ್ಟು ಸಾಕಲ್ವಾ?

ಸುಮಂಗಲಾ: ಸಾಕಾಗಲ್ಲ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ಕೇಂದ್ರ. ನಾವು ಮಾತಾಡುತ್ತಿರುವುದು ಕೂಲಿ ಮಾಡುವ ಕುಟುಂಬಗಳ ಬಗ್ಗೆ. ಅವರನ್ನು ಭಿಕ್ಷುಕರ ಲೆಕ್ಕಕ್ಕೆ ಸೇರಿಸಬೇಡಿ. ಒಂದು ಸಲ ವ್ಯಾನ್ ಬಂದರೆ ಆ ಜಾಗದ ಉಳಿದ ಕುಟುಂಬಗಳೂ ರಾತ್ರೋರಾತ್ರಿ ಚದುರುತ್ತವೆ, ಆಮೇಲೆ ಹುಡುಕಿದರೂ ಸಿಗಲ್ಲ. ತುರ್ತಾಗಿ ಸೂರು ಬೇಕಾದರೆ ನಗರದ ವಸತಿರಹಿತರ ಆಶ್ರಯ ಕೇಂದ್ರ ಕೇಳಿ. ಕೇಂದ್ರದ ಮಾರ್ಗಸೂಚಿ ಪ್ರಕಾರ ಲಕ್ಷ ಜನಸಂಖ್ಯೆಗೆ ಒಂದು ಇರಬೇಕು, ಒಬ್ಬರಿಗೆ ಕನಿಷ್ಠ 50 ಚದರಡಿ. ಕುಟುಂಬ ಒಟ್ಟಿಗೆ ಇರಲು ಬಿಡುತ್ತಾರಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಬಸವರಾಜ, ಕಲಬುರಗಿ: ಮೇಡಂ, ಮನಿ ಮಾಲಕರು ಮೊದಲನೇ ಪ್ರಶ್ನಿನೇ "ನೀವು ಯಾವ ಪೈಕಿ" ಅಂತ ಕೇಳ್ತಾರ. ಹೇಳಿದ್ರ ಮನಿ ಇಲ್ಲ ಅಂತಾರ.

ಗಿರೀಶ್, ವಿಜಯನಗರ: ಅವರ ಮನೆ, ಅವರಿಷ್ಟ.

ಅನಿತಾ, ಪೀಣ್ಯ: ನಿಮಗೆ ಯಾರಾದರೂ ಹಾಗೆ ಕೇಳಿದ್ದಾರಾ? ಬಾಯಿಗೆ ಬಂದಂತೆ ಮಾತಾಡಬೇಡಿ.

ಗಿರೀಶ್, ವಿಜಯನಗರ: ಏಕವಚನಕ್ಕೆ ಇನ್ನೇನು ಬಾಕಿ. ಮಾತು ನೋಡಿಕೊಂಡು ಆಡಿ ಮೇಡಂ.

ನಿರ್ವಾಹಕರು: ಇನ್ನೊಂದು ಮಾತು ಬಂದರೆ ಇಬ್ಬರನ್ನೂ ತೆಗೆಯುತ್ತೇನೆ.

ಸುಮಂಗಲಾ: ಬಸವರಾಜ ಅವರೇ, ಮಾಲೀಕರ ಜೊತೆ ಮೊದಲ ಮಾತು ನಿಮ್ಮ ಗುಂಪಿನವರು ಆಡಿ. ಬಾಡಿಗೆ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಒಬ್ಬರ ನಂಬರ್ ಕೊಡಿ. ಅರ್ಧ ಜನ ಒಪ್ಪುವುದು ಆ ನಂಬರಿಗೆ. ಜಾತಿ ಕೇಳಿದರೆ ಹೇಳಬೇಡಿ, ಸುಳ್ಳೂ ಹೇಳಬೇಡಿ. ಸುಳ್ಳು ಹೇಳಿ ಸೇರಿಸಿದ ಮನೆ ಒಂದು ಹಬ್ಬಕ್ಕೆ ಬಯಲಾಗುತ್ತೆ, ಆಮೇಲೆ ಅವಮಾನ ಆ ಮಕ್ಕಳಿಗೆ. ಆ ಬಾಗಿಲು ಬಿಟ್ಟು ಮುಂದಿನದು ತಟ್ಟಿ.

ಲೋಕೇಶ್, ಯಶವಂತಪುರ: ಶಾಲೆಗೆ ಟಿಸಿ ಇಲ್ಲದೆ ಸೇರಿಸ್ಕೋತಾರಾ? ವೋಟರ್ ಐಡಿ ವಿಳಾಸ ಇಲ್ಲದೆ ಸಿಗುತ್ತಾ?

ಸುಮಂಗಲಾ: ಸೇರಿಸಿಕೊಳ್ಳಲೇಬೇಕು. ಟಿಸಿ ತಡವಾಯಿತು, ವಯಸ್ಸಿನ ದಾಖಲೆ ಇಲ್ಲ ಅಂತ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ. ವೋಟರ್‌ಗೆ ಫಾರಂ 6 ಕೊಡಿ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ರಾತ್ರಿ ಬಂದು ಅಲ್ಲಿ ಮಲಗುವುದು ನಿಜವೇ ಅಂತ ಒಂದಕ್ಕಿಂತ ಹೆಚ್ಚು ರಾತ್ರಿ ನೋಡಬೇಕು. ಖಚಿತವಾದರೆ ವಿಳಾಸದ ದಾಖಲೆ ಬೇಕಿಲ್ಲ.

ಫಾತಿಮಾ, ಶಿವಾಜಿನಗರ: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ, ನೋಡ್ತೀರಾ?

ರವಿಕುಮಾರ್, ಜೆ.ಪಿ. ನಗರ: ಮೇಡಂ, ಬ್ರೋಕರ್‌ಗೆ ಫೋನ್ ಮಾಡಿದೆ. ಮೂಲ ಪತ್ರ ತೋರಿಸಲ್ಲ ಅಂದ. ಟೋಕನ್ ಅಂತ 25,000 ನಗದು ಆಗಲೇ ಕೊಟ್ಟಿದ್ದೇವೆ, ರಸೀದಿ ಇಲ್ಲ. ಆ ದುಡ್ಡು ಹೋಗುತ್ತಲ್ಲ ಅಂತ ಕಮಿಟಿಯವರು ಮುಂದುವರಿಯೋಣ ಅಂತಿದ್ದಾರೆ.

ಸುಮಂಗಲಾ: 25,000 ಉಳಿಸಲು 2,75,000 ಕೊಡುತ್ತೀರಾ? ಕಮಿಟಿಗೆ ಇದನ್ನೇ ಓದಿಹೇಳಿ.

ಈಗಲೇ ಬ್ರೋಕರ್‌ಗೆ ವಾಟ್ಸಾಪ್ ಮಾಡಿ: "ಇಂಥ ತಾರೀಖು, ಇಂಥ ವಿಳಾಸದ ಮನೆಗೆ ಟೋಕನ್ 25,000 ನಗದು ಕೊಟ್ಟಿದ್ದೇವೆ. ಮೂಲ ಕ್ರಯಪತ್ರ ತೋರಿಸದ ಕಾರಣ ಮುಂದುವರಿಯುತ್ತಿಲ್ಲ. ಇಂಥ ದಿನದೊಳಗೆ ವಾಪಸ್ ಮಾಡಿ." ಅವನು "ಆಯ್ತು" ಅಂದರೂ, "ಕೊಡಲ್ಲ" ಅಂದರೂ ದುಡ್ಡು ತಗೊಂಡಿದ್ದಕ್ಕೆ ಅದೇ ಸಾಕ್ಷಿ. ಫೋನಿನಲ್ಲಿ ಜಗಳ ಆಡಬೇಡಿ. ಟೋಕನ್ ಕೊಡುವಾಗ ಜೊತೆಗಿದ್ದವರು ಯಾರು ಅಂತ ಇವತ್ತೇ ಬರೆದಿಡಿ. ಮನೆಯ ಆಸ್ತಿ ಖಾತೆಯಲ್ಲಿ ಯಾರ ಹೆಸರಿದೆ ಅಂತ ತೆಗೆಸಿ, ಆ ಮಾಲೀಕರನ್ನೇ ಹೋಗಿ ಕಂಡು ಮನೆ ಭೋಗ್ಯಕ್ಕಿದೆಯಾ ಕೇಳಿ. "ನಾನು ಕೊಟ್ಟೇ ಇಲ್ಲ" ಅಂದರೆ ಪೊಲೀಸ್ ದೂರು. ವಾಪಸಾತಿಗೆ ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, 15100. ಆ ಕುಟುಂಬದ ಹೆಣ್ಣುಮಗಳಿಗೆ ಉಚಿತ, ಆದಾಯ ಕೇಳುವಂತಿಲ್ಲ.

ರವಿಕುಮಾರ್, ಜೆ.ಪಿ. ನಗರ: ಆಯ್ತು ಮೇಡಂ. ಆ ಕುಟುಂಬಕ್ಕೆ ಶುಕ್ರವಾರ ಮನೆ ಅಂತ ಹೇಳಿಬಿಟ್ಟಿದ್ದೇವೆ.

ಸುಮಂಗಲಾ: ನಿಜ ಹೇಳಿ, ಇವತ್ತೇ. ಗಂಡ ಕೆಲಸ ಮಾಡುವ ಸೈಟ್ ಎಲ್ಲಿ, ಮಕ್ಕಳ ವಯಸ್ಸೆಷ್ಟು ಅಂತ ನನಗೆ ಬೇರೆಯಾಗಿ ಕಳಿಸಿ. ಭಾನುವಾರ ಸೈಟಿನ ಸುತ್ತಮುತ್ತ ತಿಂಗಳ ಬಾಡಿಗೆ ಮನೆ ಹುಡುಕಿ, ನೋಡಲು ಹೋಗುವಾಗ ಆ ಹೆಂಗಸನ್ನು ಕರೆದುಕೊಂಡು ಹೋಗಿ. ನೀರು ಎಷ್ಟು ಹೊತ್ತಿಗೆ ಬರುತ್ತೆ, ಕಕ್ಕಸಿಗೆ ಒಳಗಿಂದ ಚಿಲಕ ಇದೆಯಾ ಅಂತ ಕೇಳುವವಳು ಅವಳೇ.