ದೋಣಿಯ ಒಡಲಿನ ಬಿರುಕು, ಸೀಳು, ಟೊಳ್ಳು: ಯಾವ ಕೇಡಿಗೆ ಯಾವ ಪದ?

ಮಾನ್ಯರೇ,

ಕುಂಬಳೆಯಲ್ಲಿರುವ ನನ್ನ ಸೋದರಮಾವ ಶಿರಿಯ ಹೊಳೆಯಲ್ಲಿ ಬಳಸುವುದಕ್ಕೆಂದು ಹಳೆಯ ಫೈಬರ್ ದೋಣಿಯೊಂದನ್ನು ಕೊಂಡಿದ್ದಾರೆ. ಕೈಯಲ್ಲಿ ಹೆಚ್ಚು ದುಡ್ಡು ಉಳಿದಿಲ್ಲವಾದ್ದರಿಂದ ದುರಸ್ತಿಯನ್ನು ನಾವೇ ಮಾಡುತ್ತಿದ್ದೇವೆ. ಮಾಡಿದ ಕೆಲಸವನ್ನು ಇನ್ನೊಬ್ಬರಿಗೆ ಉಪಯೋಗವಾಗುವಂತೆ ಕನ್ನಡದಲ್ಲಿ ಬರೆದಿಡುವ ಹೊಣೆ ನನ್ನದು. 'ಹಲ್' ಎಂಬುದಕ್ಕೆ ಒಡಲು ಎಂದು ಬರೆದಿದ್ದೇನೆ, ಅದರಲ್ಲಿ ಸಂದೇಹವಿಲ್ಲ. ರೆಸಿನ್ (ನಾರನ್ನು ಹಿಡಿದಿಡುವ ಅಂಟುದ್ರವ), ಹಾರ್ಡನರ್ (ಅದನ್ನು ಗಟ್ಟಿಯಾಗಿಸುವ ದ್ರವ), ಮ್ಯಾಟ್ (ಗಾಜಿನ ನಾರಿನ ಹಾಸು), ಜೆಲ್‌ಕೋಟ್ (ಒಡಲಿನ ಹೊರಗಿನ ನುಣುಪು ಲೇಪ) ಇವನ್ನು ಅಂಗಡಿಯಲ್ಲಿ ಕೇಳುವ ಹೆಸರಿನಲ್ಲಿಯೇ ಉಳಿಸಿದ್ದೇನೆ. ತೊಡಕು ಇರುವುದು ಕೇಡಿನ ಹೆಸರುಗಳಲ್ಲಿ.

ದೋಣಿ ಮಾರಿದವರು ಎಲ್ಲವನ್ನೂ 'ಕ್ರ್ಯಾಕ್' ಎಂದರು, ನೋಡಲು ಬಂದ ಮಲೆಯಾಳಿ ಕೆಲಸಗಾರರು 'ಪೊಟ್ಟಲ್' ಎಂದರು, ನಾನೂ ಮೊದಲು ಎಲ್ಲವನ್ನೂ 'ಬಿರುಕು' ಎಂದೇ ಬರೆದುಕೊಂಡೆ. ಆದರೆ ಒಡಲಿನಲ್ಲಿದ್ದ ಕೇಡು ಮೂರು ಬಗೆಯದು, ಮೂರಕ್ಕೂ ತಗಲುವ ಖರ್ಚು ಬೇರೆ ಬೇರೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಜೆಲ್‌ಕೋಟಿನಲ್ಲಷ್ಟೇ ಕಾಣುವ ಕೂದಲೆಳೆಯಂಥ ಗೆರೆಗಳನ್ನು ಕೆರೆದು ತುಂಬಿದರೆ ಸಾಕಾಗುತ್ತದೆ. ಇದನ್ನು ಬಿರುಕು ಎನ್ನೋಣ. ಗಾಜಿನ ನಾರನ್ನೂ ಕಡಿದುಕೊಂಡು ಒಳಕ್ಕೆ ಹೋದದ್ದನ್ನು ಸೀಳು ಎನ್ನಬಹುದೆಂದು ನನ್ನ ಅನಿಸಿಕೆ; ಇಲ್ಲಿ ಮೇಲೆ ತುಂಬಿದರೆ ಪ್ರಯೋಜನವಿಲ್ಲ, ದಪ್ಪದ 12 ಪಟ್ಟು ಅಗಲಕ್ಕೆ, ಎಂದರೆ 5 ಮಿಲಿಮೀಟರ್ ದಪ್ಪದ ಒಡಲಾದರೆ ಸೀಳಿನಿಂದ 60 ಮಿಲಿಮೀಟರ್ ದೂರದವರೆಗೆ, ಓರೆಯಾಗಿ ಉಜ್ಜಿ ಹೊಸ ಮ್ಯಾಟನ್ನು ಪದರಪದರವಾಗಿ ಕೂರಿಸಬೇಕಾಗುತ್ತದೆ.

ಮೂರನೆಯದು ಕಣ್ಣಿಗೆ ಕಾಣುವುದೇ ಇಲ್ಲ. ಪದರಗಳು ಒಳಗೆ ಒಂದರಿಂದೊಂದು ಬಿಟ್ಟುಕೊಂಡಿರುತ್ತವೆ, ಮೇಲ್ಮೈ ಮಾತ್ರ ನುಣುಪಾಗಿಯೇ ಇರುತ್ತದೆ. ಮಾವ ಸುತ್ತಿಗೆಯ ಹಿಡಿಯಿಂದ, ಹಲಸಿನಕಾಯಿಯನ್ನು ತಟ್ಟಿ ನೋಡುವ ಹಾಗೆ, ಒಡಲಿನ ಉದ್ದಕ್ಕೂ ತಟ್ಟುತ್ತ ಹೋದರು; ಟಣ್ ಟಣ್ ಎನ್ನುತ್ತಿದ್ದ ಸದ್ದು ಹಿಂಬದಿಯ ಎಡಮಗ್ಗುಲಲ್ಲಿ ಅಂಗೈಯಗಲದಷ್ಟು ಕಡೆ ಬದ್ ಎಂದು ಸತ್ತುಹೋಯಿತು. ಅಲ್ಲಿ ಪದರವನ್ನು ಕತ್ತರಿಸಿ ತೆಗೆದಾಗ ಅಡಕೆ ಹಾಳೆಯ ಒಳಸಿಪ್ಪೆಯಂತೆ ಎದ್ದು ಬಂತು. ಇದನ್ನು ನಾನು 'ಪದರಬಿಡುಕು' ಎಂದು ಬರೆದೆ, ಓದಿದ ಮಾವನಿಗೆ ಅರ್ಥವಾಗಲಿಲ್ಲ. ಗೋಡೆಯ ಗಾರೆಯನ್ನು ತಟ್ಟಿ 'ಟೊಳ್ಳಾಗಿದೆ' ಎನ್ನುವ ಮೇಸ್ತ್ರಿಗಳ ಮಾತನ್ನೇ ಅವರು ಸೂಚಿಸಿದರು. ಟೊಳ್ಳು ಎಂದರೆ ಬಿದಿರಿನಂತೆ ಹುಟ್ಟಿನಿಂದಲೇ ಒಳಗೆ ಖಾಲಿಯಾದದ್ದೆಂಬ ಅರ್ಥವೂ ಬರುವುದರಿಂದ ನನಗೆ ಅಳುಕಿದೆ. ಆದರೂ ಕಿವಿಗೆ ಕೇಳುವುದನ್ನೇ ಹೇಳುವ ಪದವಾದ್ದರಿಂದ ಅದರತ್ತಲೇ ಮನಸ್ಸು ವಾಲುತ್ತಿದೆ.

ಇನ್ನೊಂದು ಸಣ್ಣ ಸಂದೇಹ. ತೂಕಕ್ಕೆ ನೂರಕ್ಕೆ ಒಂದೆರಡು ಪಾಲು ಹಾರ್ಡನರ್ ಬೆರೆಸಿದ ಪಾಲಿಯೆಸ್ಟರ್ ರೆಸಿನನ್ನು ಬ್ರಷ್ಷಿನಿಂದ ಒತ್ತಿ, ಬಿಳಿಯ ಮ್ಯಾಟು ಪಾರದರ್ಶಕವಾಗುವವರೆಗೆ ನಾರಿನೊಳಕ್ಕೆ ಇಳಿಸುವ ಕೆಲಸಕ್ಕೆ 'ನೆನೆಸು' ಎಂದರೆ ಬಟ್ಟೆಯನ್ನು ನೀರಿನಲ್ಲಿ ಹಾಕಿಟ್ಟಂತಾಗುತ್ತದೆ. ಮರದ ದೋಣಿಗೆ ಎಣ್ಣೆ 'ಕುಡಿಸುವ' ಮಾತು ಇರುವಾಗ ಮ್ಯಾಟಿಗೆ ರೆಸಿನ್ ಕುಡಿಸು ಎನ್ನಬಹುದೇ, ಅಥವಾ 'ಊಡಿಸು' ಹೆಚ್ಚು ಸರಿಯೇ?

ಮಂಜೇಶ್ವರ, ಉಪ್ಪಳದ ಕಡೆ ದೋಣಿಯ ಕೆಲಸ ಮಾಡುವವರು ಪದರ ಬಿಟ್ಟ ಜಾಗಕ್ಕೆ ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಏನೆನ್ನುತ್ತಾರೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.